ಪೆಟ್ಟಿಗೆ ಬಾಯಿ ಮಾಡ್ತಿತ್ತು, ಅದಕ್ಕೇ ನುಂಗಿದೆ

ಹೋದ ಶ್ರಾವಣದ ಎರಡನೇ ಶನಿವಾರ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ತುಮಕೂರಿನ ಹಾಸ್ಟೆಲ್‌ನಲ್ಲಿ ಬಟ್ಟೆ ಒಗೆಯುತ್ತಿದ್ದೆ. ತಿಪಟೂರಿನ ಹತ್ತಿರದ ನಮ್ಮೂರಿನಿಂದ ಅಪ್ಪ ಫೋನ್ ಮಾಡಿದರು. ‘ಅಜ್ಜಿ ಏನೇನೋ ಮಾತಾಡ್ತಾ ಇದಾಳೆ ಕಣೋ. ಸೀರೆಯೆಲ್ಲಾ ಬೆವರಲ್ಲಿ ಒದ್ದೆ. ನನ್ನನ್ನೇ ಗುರುತು ಹಿಡೀತಿಲ್ಲ. ಲಕ್ವ ಹೊಡೆದಿರಬೇಕು ಅಂತಾರೆ ಎಲ್ಲಾರೂ. ಆಸ್ಪತ್ರೆಗೆ ಹೊರಟಿದೀವಿ, ನೀನೂ ಬಂದ್ಬಿಡು.’

ಬಕೆಟ್ಟನ್ನು ಅಲ್ಲೇ ಬಿಟ್ಟು ಬಸ್ ಹತ್ತಿದೆ. ಎರಡು ಗಂಟೆಯ ದಾರಿ. ಅಪ್ಪ–ಅಮ್ಮ ತೋಟಕ್ಕೆ ಹೋದರೆ ನನ್ನನ್ನು ಸ್ಕೂಲಿಗೆ ಕಳಿಸಿದ್ದು, ಜ್ವರ ಬಂದಾಗ ಹಣೆಗೆ ತಣ್ಣೀರು ಬಟ್ಟೆ ಹಾಕಿದ್ದು ಎಲ್ಲವೂ ಅಜ್ಜಿಯೇ. ಏನಾಗಿದೆಯೋ ಎಂದು ಯೋಚಿಸುವುದಕ್ಕೂ ಭಯವಾಗುತ್ತಿತ್ತು.

ನಾನು ತಲುಪುವಷ್ಟರಲ್ಲಿ ಅಜ್ಜಿ ಎದ್ದು ಕೂತಿದ್ದಳು. ಕೈಗೆ ಗ್ಲೂಕೋಸ್ ಇಳಿಯುತ್ತಿತ್ತು. ನನ್ನನ್ನು ಕಂಡವಳೇ, ‘ಊಟ ಮಾಡಿದ್ಯೇನೋ?’ ಎಂದಳು. ಲಕ್ವ ಆಗಿರಲಿಲ್ಲ. ಬಂದ ಕೂಡಲೇ ಬೆರಳು ಚುಚ್ಚಿ ನೋಡಿದಾಗ ಸಕ್ಕರೆ ಅಂಶ 38ಕ್ಕೆ ಇಳಿದಿತ್ತು. 70ಕ್ಕಿಂತ ಕೆಳಗೆ ಹೋದರೇ ಕಡಿಮೆ ಎನ್ನುತ್ತಾರೆ. ಇನ್ನು ಸ್ವಲ್ಪ ತಡವಾಗಿದ್ದರೆ ಏನು ಬೇಕಾದರೂ ಆಗಬಹುದಿತ್ತು ಎಂದರು ಡಾಕ್ಟರು.

‘ಇವತ್ತು ಒಪ್ಪೊತ್ತಲ್ವಾ? ತಿಂಡಿ ತಿಂದಿರಲಿಲ್ಲ. ಊಟ ಇಲ್ಲದ ಹೊತ್ತು ಸಕ್ಕರೆ ಮಾತ್ರೆ ಬೇಡ ಅಂತ ಸುಮ್ನೆ ಕೂತಿದ್ದೆ. ನಿನ್ನ ಪೆಟ್ಟಿಗೆ ಬಾಯಿ ಮುಚ್ಚಲೇ ಇಲ್ಲ. ಬಾಯಿ ಮಾಡ್ತಿತ್ತು, ಅದಕ್ಕೇ ನುಂಗಿದೆ’ ಎಂದಳು ಅಜ್ಜಿ.

ಅವಳು ದೂರಿ ಹೇಳಲಿಲ್ಲ. ನಡೆದದ್ದನ್ನು ಹೇಳಿದಳು, ಅಷ್ಟೆ. ಆದರೆ ನನ್ನ ಕಾಲ ಕೆಳಗಿನ ನೆಲ ಕುಸಿದಂತಾಯಿತು. ಏಕೆಂದರೆ ಆ ಪೆಟ್ಟಿಗೆ ಮಾಡಿದವನು ನಾನು.

25ಕ್ಕೆ 24

ನಾನು ಬಿ.ಇ. ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿ. ಮಿನಿ ಪ್ರಾಜೆಕ್ಟ್‌ಗೆ ‘ಸ್ಮಾರ್ಟ್ ಮಾತ್ರೆ ಪೆಟ್ಟಿಗೆ’ ಮಾಡಿದ್ದೆ. ಒಂದು ಆರ್ಡುಯಿನೊ ಬೋರ್ಡ್, ಸಮಯ ತಪ್ಪದ ಗಡಿಯಾರದ ಚಿಪ್, ಒಂದು ಬಜರ್. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಗೆ ಮೂರು ಸಾಲು. ಪ್ರತಿ ಸಾಲಿನಲ್ಲಿ ವಾರದ ಏಳು ಗೂಡು. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ದೀಪ ಮಿನುಗಿ ಬಜರ್ ಕೂಗುತ್ತದೆ. ಮುಚ್ಚಳ ತೆರೆಯುವವರೆಗೆ ನಿಲ್ಲುವುದಿಲ್ಲ. ‘ಹಿರಿಯರ ಮರೆವಿಗೆ ತಂತ್ರಜ್ಞಾನದ ಮದ್ದು’ ಎಂದು ಸ್ಲೈಡ್‌ನಲ್ಲಿ ಬರೆದಿದ್ದೆ. 25ಕ್ಕೆ 24 ಅಂಕ ಬಂತು. ಪ್ರಾಜೆಕ್ಟ್ ಮುಗಿದ ಮೇಲೆ ಪೆಟ್ಟಿಗೆಯನ್ನು ಅಜ್ಜಿಗೆ ಕೊಟ್ಟೆ. ಪ್ರತಿ ಭಾನುವಾರ ಊರಿಗೆ ಹೋಗಿ 21 ಗೂಡುಗಳನ್ನು ನಾನೇ ತುಂಬುತ್ತಿದ್ದೆ.

ಇದರ ನಡುವೆ ಜೂನ್‌ನಲ್ಲಿ ಅಜ್ಜಿಗೆ ನ್ಯುಮೋನಿಯಾ ಆಗಿ ನಗರದ ಒಂದು ಆಸ್ಪತ್ರೆಯಲ್ಲಿ ಆರು ದಿನ ಇದ್ದಳು. ಡಿಸ್ಚಾರ್ಜ್ ದಿನ ನಮಗಿದ್ದ ಗಡಿಬಿಡಿ ನಿಮಗೂ ಗೊತ್ತಿರುತ್ತದೆ. ಅಪ್ಪ ಬಿಲ್ಲಿಂಗ್ ಕೌಂಟರ್‌ನಲ್ಲಿ, ಅಮ್ಮ ಪಾತ್ರೆ–ಬಟ್ಟೆ ಕಟ್ಟುವುದರಲ್ಲಿ, ನಾನು ಆಟೊ ಹುಡುಕುವುದರಲ್ಲಿ. ಯಾರೋ ಒಬ್ಬರು ಮಾತ್ರೆಯ ಕವರ್ ಕೊಟ್ಟು, ‘ಎಲ್ಲಾ ಚೀಟಿಯಲ್ಲಿ ಬರೆದಿದೆ, ಅರ್ಥ ಆಯ್ತಲ್ವಾ?’ ಎಂದರು. ನಾನು ‘ಹೂಂ’ ಎಂದೆ. ಓದಿದ ಹುಡುಗ, ಅರ್ಥವಾಗಲಿಲ್ಲ ಎನ್ನಲು ನಾಚಿಕೆ.

ಮನೆಗೆ ಬಂದು ಹೊಸ ಮಾತ್ರೆಗಳನ್ನು ಪೆಟ್ಟಿಗೆಗೆ ಸೇರಿಸಿದೆ. ಹಳೆಯವನ್ನು ತೆಗೆಯಬೇಕು ಎಂದು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಹಾಸಿಗೆಯ ಮೇಲೆ ಸುರಿದ ಚೀಲ

ಮರುದಿನ ಬೆಳಿಗ್ಗೆ ವಾರ್ಡ್‌ನ ಸಿಸ್ಟರ್ ಬಂದರು. ಕೇರಳದವರು, ಕರ್ನಾಟಕಕ್ಕೆ ಬಂದು ಮೂರು ವರ್ಷವಂತೆ. ‘ಮನೆಯಲ್ಲಿ ಇರುವ ಎಲ್ಲಾ ಮಾತ್ರೆ ತನ್ನಿ. ಹಳೆಯದು, ಅರ್ಧ ಖಾಲಿಯಾದದ್ದು, ಮೆಡಿಕಲ್ ಸ್ಟೋರ್‌ನಲ್ಲಿ ಸುಮ್ಮನೆ ತಂದದ್ದು, ನಾಟಿ ಔಷಧಿ, ಎಲ್ಲಾ’ ಎಂದರು. ಅಪ್ಪ ಬಟ್ಟೆ ಅಂಗಡಿಯ ಕೈಚೀಲದ ತುಂಬ ತಂದರು. ಸಿಸ್ಟರ್ ಅದನ್ನು ಹಾಸಿಗೆಯ ಮೇಲೆ ಸುರಿದರು. ಒಂದೊಂದೇ ಪಟ್ಟಿಯನ್ನು ತಿರುಗಿಸಿ ನೋಡಿ ಮೂರು ಗುಂಪು ಮಾಡಿದರು.

ಆಮೇಲೆ ಎರಡು ಪಟ್ಟಿಗಳನ್ನು ನನ್ನ ಕೈಗೆ ಕೊಟ್ಟು, ‘ಇದರಲ್ಲಿ ದೊಡ್ಡ ಹೆಸರು ಬಿಡಿ. ಒಳಗೆ ಏನಿದೆ, ಅದು ಓದಿ’ ಎಂದರು.

ಒಂದು, ಊರಿನ ಡಾಕ್ಟರು ವರ್ಷಗಳಿಂದ ಕೊಡುತ್ತಿದ್ದ ಹಳೆಯ ಮಾತ್ರೆ. ಅದರೊಳಗೆ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಎರಡೂ ಇದ್ದವು. ಇನ್ನೊಂದು, ನಗರದ ಆಸ್ಪತ್ರೆಯಲ್ಲಿ ಕೊಟ್ಟ ಹೊಸದು. ಬೇರೆ ಕಂಪನಿ, ಬೇರೆ ಹೆಸರು, ಬೇರೆ ಬಣ್ಣ. ಅದರೊಳಗೂ ಗ್ಲಿಮೆಪಿರೈಡ್. ಅಜ್ಜಿ ಸುಮಾರು ಎರಡು ತಿಂಗಳಿಂದ ಒಂದೇ ಔಷಧಿಯನ್ನು ಎರಡು ಹೆಸರಿನಲ್ಲಿ ನುಂಗುತ್ತಿದ್ದಳು. ಸಂಜೆ ಕೈ ನಡುಗುತ್ತದೆ, ಸುಸ್ತು ಎನ್ನುತ್ತಿದ್ದಳು. ನ್ಯುಮೋನಿಯಾದ ನಿತ್ರಾಣ ಇರಬೇಕೆಂದು ನಾವು ರಾಗಿ ಗಂಜಿ ಕುಡಿಸುತ್ತಿದ್ದೆವು. ದಿನವೂ ಹೊಟ್ಟೆಗೆ ಬೀಳುತ್ತಿದ್ದ ಊಟವೇ ಅವಳನ್ನು ಕಾಪಾಡಿತ್ತು. ಊಟ ತಪ್ಪಿದ ಶನಿವಾರ ಬಣ್ಣ ಬಯಲಾಯಿತು.

ಚೀಲದಲ್ಲಿ ಇನ್ನೂ ಒಂದು ಅಪಾಯವಿತ್ತು. ಮಂಡಿನೋವಿಗೆ ಅಂಗಡಿಯಿಂದ ತಂದಿದ್ದ ಡೈಕ್ಲೊಫೆನಾಕ್. ಅಜ್ಜಿಯ ಮೂತ್ರಪಿಂಡ ಸ್ವಲ್ಪ ದುರ್ಬಲವಾಗಿದೆ, ಬಿಪಿಗೆ ಟೆಲ್ಮಿಸಾರ್ಟನ್ ಬೇರೆ ತೆಗೆದುಕೊಳ್ಳುತ್ತಾಳೆ. ಅಂಥವರಿಗೆ ಈ ನೋವಿನ ಮಾತ್ರೆ ಮೂತ್ರಪಿಂಡಕ್ಕೆ ಇನ್ನಷ್ಟು ಹೊರೆ. ಮೂತ್ರಪಿಂಡ ಸೋತರೆ ಸಕ್ಕರೆ ಮಾತ್ರೆಯ ಅಂಶವೂ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಹೀಗೆ ಒಂದಕ್ಕೊಂದು ಕೊಂಡಿ. ಸಿಸ್ಟರ್ ಎಲ್ಲವನ್ನೂ ಬರೆದುಕೊಂಡು ಡಾಕ್ಟರಿಗೆ ತೋರಿಸಿದರು. ಡಾಕ್ಟರು ಹಳೆಯ ಮಾತ್ರೆ, ನೋವಿನ ಮಾತ್ರೆ ಎರಡನ್ನೂ ಹೊಡೆದುಹಾಕಿ, ಉಳಿದವನ್ನು ಸೇರಿಸಿ ಒಂದೇ ಚೀಟಿ ಬರೆದರು.

ಅವಳ ಪುಸ್ತಕ, ನನ್ನ ಪುಸ್ತಕ

ಆ ಎರಡು ರಾತ್ರಿ ಅಜ್ಜಿಯ ಜೊತೆ ಉಳಿದವರು ನಾನು ಮತ್ತು ನನ್ನ ಚಿಕ್ಕಮ್ಮನ ಮಗಳು. ಅವಳು ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದಾಳೆ. ನಾಲ್ಕು ವರ್ಷದ ಕೋರ್ಸ್. ಮೂರು ಮತ್ತು ನಾಲ್ಕನೇ ಸೆಮಿಸ್ಟರ್‌ನಲ್ಲಿ ಫಾರ್ಮಕಾಲಜಿ, ಅಂದರೆ ಔಷಧ ಶಾಸ್ತ್ರ. ಪರೀಕ್ಷೆ ಹತ್ತಿರವಿದ್ದುದರಿಂದ ಪುಸ್ತಕ ತಂದಿದ್ದಳು. ಸತ್ಯ ಹೇಳುತ್ತೇನೆ, ಅದುವರೆಗೆ ನರ್ಸಿಂಗ್ ಎಂದರೆ ಇಂಜೆಕ್ಷನ್ ಚುಚ್ಚುವುದು, ಬಿಪಿ ನೋಡುವುದು ಎಂದುಕೊಂಡಿದ್ದೆ. ‘ನಮ್ಮ ಸರ್ಕ್ಯೂಟ್‌ನಷ್ಟು ಕಷ್ಟ ಇರಲ್ಲ ಬಿಡು’ ಎಂದು ಅವಳನ್ನು ಹಂಗಿಸಿದ್ದೂ ಉಂಟು.

ಆ ರಾತ್ರಿ ಗ್ಲಿಮೆಪಿರೈಡ್ ಪುಟ ತೆಗೆದು ಓದಿದೆ. ನಮ್ಮ ಮೇದೋಜೀರಕ ಗ್ರಂಥಿಯ ಬೀಟಾ ಕೋಶದ ಗೋಡೆಯಲ್ಲಿ ಪೊಟ್ಯಾಸಿಯಂ ಚಾನೆಲ್ ಎಂಬ ಪುಟ್ಟ ಬಾಗಿಲುಗಳಿವೆ. ಊಟ ಮಾಡಿ ರಕ್ತದಲ್ಲಿ ಸಕ್ಕರೆ ಏರಿದಾಗ ಆ ಬಾಗಿಲು ಮುಚ್ಚಿಕೊಳ್ಳುತ್ತದೆ. ಆಗ ಕೋಶದ ವೋಲ್ಟೇಜ್ ಬದಲಾಗುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ, ಇನ್ಸುಲಿನ್ ಹೊರಬೀಳುತ್ತದೆ. ವೋಲ್ಟೇಜ್, ಚಾನೆಲ್, ಗೇಟ್ – ಇದು ನನ್ನ ಸಿಲಬಸ್ಸೇ ಅಲ್ಲವೇ! ಗ್ಲಿಮೆಪಿರೈಡ್ ಮಾಡುವುದೆಂದರೆ ಆ ಬಾಗಿಲನ್ನು ತಾನೇ ಹೋಗಿ ಮುಚ್ಚುವುದು. ಸಕ್ಕರೆ ಏರಿದೆಯೋ ಇಲ್ಲವೋ ಎಂದು ಅದು ಕಾಯುವುದಿಲ್ಲ. ಅದಕ್ಕೇ ಈ ಮಾತ್ರೆಯನ್ನು ದಿನದ ಮೊದಲ ಊಟದ ಜೊತೆಗೇ ತೆಗೆದುಕೊಳ್ಳಬೇಕು. ನುಂಗಿ ಉಪವಾಸ ಕೂತರೆ ಇನ್ಸುಲಿನ್ ಬರುತ್ತದೆ, ಕೆಲಸ ಮಾಡಲು ಸಕ್ಕರೆ ಇರುವುದಿಲ್ಲ. ಪರಿಣಾಮ ಸುಮಾರು ಒಂದು ದಿನವಿಡೀ ಇರುತ್ತದೆ. ಅಜ್ಜಿ ಎದ್ದು ಕೂತರೂ ಎರಡು ದಿನ ಇಟ್ಟುಕೊಂಡದ್ದು ಇದಕ್ಕೇ.

ನನ್ನ ಬಜರ್ ಮಾಡಿದ್ದೂ ಅದನ್ನೇ. ಅಜ್ಜಿ ಉಂಡಿದ್ದಾಳೋ ಇಲ್ಲವೋ ಎಂದು ಅದೂ ಕೇಳಿರಲಿಲ್ಲ.

ನಮಗೆ ಕಂಟ್ರೋಲ್ ಸಿಸ್ಟಮ್ಸ್ ಎಂಬ ವಿಷಯವಿದೆ. ಅದರ ಮೊದಲ ಪಾಠವೇ ಓಪನ್ ಲೂಪ್, ಕ್ಲೋಸ್ಡ್ ಲೂಪ್. ಟೈಮರ್ ಇಟ್ಟ ವಾಷಿಂಗ್ ಮೆಷಿನ್ ಬಟ್ಟೆ ಕೊಳೆ ಹೋಗಿದೆಯೇ ಎಂದು ನೋಡುವುದಿಲ್ಲ. ಅದು ಓಪನ್ ಲೂಪ್. ಫ್ರಿಜ್ ಒಳಗಿನ ತಂಪನ್ನು ತಾನೇ ಅಳೆದು ಮೋಟಾರ್ ನಿಲ್ಲಿಸುತ್ತದೆ. ಅದು ಕ್ಲೋಸ್ಡ್ ಲೂಪ್. ಇದನ್ನು ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದು ಪೂರ್ತಿ ಅಂಕ ತೆಗೆದಿದ್ದೆ. ಮನೆಯಲ್ಲಿ ಅಜ್ಜಿಗೆ ಮಾಡಿಕೊಟ್ಟದ್ದು ಮಾತ್ರ ಓಪನ್ ಲೂಪ್.

ತಂಗಿಯ ಪುಸ್ತಕದಲ್ಲಿ ಇನ್ನೊಂದು ಗಮನಿಸಿದೆ. ಪ್ರತಿ ಔಷಧಿಯ ಕೊನೆಯಲ್ಲೂ ‘ನರ್ಸ್‌ನ ಜವಾಬ್ದಾರಿ’ ಎಂಬ ಭಾಗ. ಕೊಡುವ ಮೊದಲು ಏನು ನೋಡಬೇಕು, ಕೊಟ್ಟ ಮೇಲೆ ಏನು ಗಮನಿಸಬೇಕು, ರೋಗಿಗೆ ಏನು ಕಲಿಸಬೇಕು. ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ ಎಂಬ ಐದು ‘ಸರಿ’ಗಳನ್ನು ಅವರಿಗೆ ಮೊದಲ ದಿನಗಳಲ್ಲೇ ಬಾಯಿಪಾಠ ಮಾಡಿಸುತ್ತಾರಂತೆ. ‘ಆಸ್ಪತ್ರೆಯಲ್ಲಿ ಈ ಐದನ್ನೂ ನಾವು ನೋಡ್ಕೋತೀವಿ. ಮನೆಗೆ ಹೋದ ಮೇಲೆ ಯಾರು ನೋಡ್ತಾರೆ ಹೇಳು? ಅದಕ್ಕೇ ಕಲಿಸಿ ಕಳಿಸ್ಬೇಕು’ ಎಂದಳು. ನನಗೆ ಉತ್ತರ ತೋಚಲಿಲ್ಲ. ನೋಡಿಕೊಳ್ಳಬೇಕಾದವನು ನಾನೇ ಆಗಿದ್ದೆ.

‘ಅರ್ಥ ಆಯ್ತಾ’ ಅಂತ ಕೇಳಬಾರದು

ಮೂರನೇ ದಿನ ಡಿಸ್ಚಾರ್ಜ್. ಸಿಸ್ಟರ್ ಸ್ಟೂಲ್ ಎಳೆದುಕೊಂಡು ಅಜ್ಜಿಯ ಎದುರು ಕೂತರು. ನಿಂತು ಹೇಳಲಿಲ್ಲ ಎಂಬುದನ್ನು ಗಮನಿಸಿ. ಒಂದು ಹಾಳೆಯಲ್ಲಿ ಸೂರ್ಯ, ನೆತ್ತಿಯ ಮೇಲಿನ ಸೂರ್ಯ, ಚಂದ್ರ ಬರೆದರು. ಪ್ರತಿಯೊಂದರ ಕೆಳಗೆ ತಟ್ಟೆಯ ಚಿತ್ರ. ತಟ್ಟೆಯ ಪಕ್ಕಕ್ಕೆ ಮಾತ್ರೆಯ ಪಟ್ಟಿಯ ಒಂದು ತುಂಡನ್ನೇ ಅಂಟಿಸಿದರು. ಒಂದು ಸಲಕ್ಕೆ ಎರಡೇ ಮಾತ್ರೆಯ ವಿಷಯ. ನಂತರ ಕೇಳಿದರು:

‘ಅಜ್ಜಿ, ನಾನು ಹೇಳಿದ್ದು ಸರಿ ಇತ್ತಾ ಗೊತ್ತಿಲ್ಲ, ನನ್ನ ಕನ್ನಡ ಸ್ವಲ್ಪ ಕಡಿಮೆ. ನಾಳೆ ಬೆಳಿಗ್ಗೆ ಮನೆಯಲ್ಲಿ ಏನು ಮಾಡ್ತೀರಿ? ನೀವು ನನಗೆ ಹೇಳಿ.’

ಅಜ್ಜಿ ಹೇಳಿದಳು: ‘ಬಿಳೀದು ತಿಂಡಿಗೆ ಮುಂಚೆ, ಹಸಿರು ತಿಂಡಿ ಆದ ಮೇಲೆ.’ ಎರಡೂ ಅದಲು ಬದಲು. ಸಿಸ್ಟರ್ ‘ತಪ್ಪು’ ಎನ್ನಲಿಲ್ಲ. ‘ನಾನು ಸರಿಯಾಗಿ ಹೇಳಲಿಲ್ಲ’ ಎಂದು ಮತ್ತೆ ಮೊದಲಿನಿಂದ ಹೇಳಿದರು. ಬಣ್ಣ ನಂಬಬೇಡಿ, ಕಂಪನಿ ಬದಲಾದರೆ ಬಣ್ಣವೂ ಬದಲಾಗುತ್ತದೆ ಎಂದರು. ಮತ್ತೆ ಕೇಳಿದರು. ಮೂರನೇ ಸಲಕ್ಕೆ ಅಜ್ಜಿ ಸರಿಯಾಗಿ ಹೇಳಿದಳು. ‘ಒಪ್ಪೊತ್ತಿನ ದಿನ?’ ಎಂದು ಕೇಳಿದ್ದೂ ಅವರೇ. ಅದಕ್ಕೆ ಡಾಕ್ಟರನ್ನು ಕರೆಸಿ, ಆ ದಿನ ಏನು ಮಾಡಬೇಕೆಂದು ಪ್ರತ್ಯೇಕವಾಗಿ ಬರೆಸಿದರು. (ಅದು ನಮ್ಮ ಅಜ್ಜಿಗೆ ಬರೆದದ್ದು. ಏಕಾದಶಿ, ರಂಜಾನ್, ಶ್ರಾವಣ – ನಿಮ್ಮ ಮನೆಯಲ್ಲಿ ಉಪವಾಸ ಮಾಡುವವರಿದ್ದರೆ ಅವರವರ ಡಾಕ್ಟರನ್ನು ಮೊದಲೇ ಕೇಳಬೇಕು.)

ಇಷ್ಟಕ್ಕೆ ಹಿಡಿದದ್ದು ಹನ್ನೆರಡು ನಿಮಿಷ. ನಾನು ಗಡಿಯಾರ ನೋಡಿದ್ದೆ.

ಇದಕ್ಕೆ ‘ಟೀಚ್ ಬ್ಯಾಕ್’ ಎನ್ನುತ್ತಾರಂತೆ. ಕೇಳಿದ್ದನ್ನು ರೋಗಿ ತನ್ನದೇ ಮಾತಿನಲ್ಲಿ ತಿರುಗಿ ಹೇಳುವುದು. ಇದು ರೋಗಿಗೆ ಇಡುವ ಪರೀಕ್ಷೆಯಲ್ಲ, ಕಲಿಸಿದವರಿಗೆ ಇಡುವ ಪರೀಕ್ಷೆ. ‘ಅರ್ಥ ಆಯ್ತಾ?’ ಎಂದರೆ ನಮ್ಮ ಜನ ‘ಹೂಂ’ ಎನ್ನುತ್ತಾರೆ. ದೊಡ್ಡವರ ಎದುರು ಇಲ್ಲ ಎನ್ನುವುದು ಹೇಗೆ? ಕ್ಲಾಸಿನಲ್ಲಿ ನಾವು ಮಾಡುವುದೂ ಅದನ್ನೇ ತಾನೆ. ಡಾಕ್ಟರು ಹೇಳಿದ ಮಾಹಿತಿಯಲ್ಲಿ ಶೇ 40ರಿಂದ 80ರಷ್ಟನ್ನು ರೋಗಿಗಳು ಕೂಡಲೇ ಮರೆಯುತ್ತಾರೆ ಎಂದು ರಾಯ್ ಕೆಸೆಲ್ಸ್ ಎಂಬ ಸಂಶೋಧಕರು 2003ರಲ್ಲಿ ಬರೆದಿದ್ದಾರೆ. ನೆನಪಿಟ್ಟುಕೊಂಡದ್ದರಲ್ಲೂ ಅರ್ಧದಷ್ಟು ತಪ್ಪಾಗಿರುತ್ತದಂತೆ. ಹಾಗಾದರೆ ನನ್ನ ‘ಹೂಂ’ಗೆ ಏನು ಬೆಲೆ?

ಹೊರಡುವಾಗ ಸಿಸ್ಟರ್‌ಗೆ ಕೇಳಿದೆ, ಎಲ್ಲರಿಗೂ ಹೀಗೇ ಹೇಳ್ತೀರಾ ಎಂದು. ‘ಮೊದಲು ಇಲ್ಲಿಗೆ ಬಂದಾಗ ನನಗೆ ಕನ್ನಡ ಬರುತ್ತಿರಲಿಲ್ಲ. ನಾನು ಹೇಳಿದ್ದು ಅವರಿಗೆ ಹೇಗೆ ತಿಳಿಯಿತೋ ಎಂದು ಭಯ. ಅದಕ್ಕೆ ತಿರುಗಿ ಕೇಳಲು ಶುರು ಮಾಡಿದೆ. ಆಮೇಲೆ ಗೊತ್ತಾಯಿತು, ಕನ್ನಡ ಚೆನ್ನಾಗಿ ಬಂದರೂ ಕೇಳಬೇಕು’ ಎಂದು ನಕ್ಕರು. ವಾರ್ಡ್ ತುಂಬಿರುವ ದಿನ ಹನ್ನೆರಡು ನಿಮಿಷ ಎಲ್ಲಿಂದ ತರುವುದು ಎಂಬ ಚಿಂತೆಯೂ ಆ ನಗುವಿನಲ್ಲಿತ್ತು.

ವಾರ್ಡ್ ಎಂಬ ಕ್ಲಾಸ್‌ರೂಮ್

ಆ ಮೂರು ದಿನದಲ್ಲಿ ಅಕ್ಕಪಕ್ಕದ ಹಾಸಿಗೆಗಳಿಂದಲೂ ಕಲಿತೆ. ಎದುರಿನ ಹಾಸಿಗೆಯ ಯಜಮಾನರಿಗೆ ಇನ್ಸುಲಿನ್ ಹೊಸದು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಇನ್ಸುಲಿನ್ ಬಾಟಲಿಯಲ್ಲಿ ಒಂದು ಎಂ.ಎಲ್.ಗೆ 40 ಯೂನಿಟ್ ಇರುತ್ತದೆ. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. 100 ಯೂನಿಟ್‌ನದೂ ಇದೆ. ಅದಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಬಾಟಲಿಗೆ 40ರ ಸಿರಿಂಜ್ ಹಾಕಿ 20ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 20 ಅಲ್ಲ, 50 ಯೂನಿಟ್. ಎರಡೂವರೆ ಪಟ್ಟು! ಯೂನಿಟ್ ಬರೆಯದಿದ್ದರೆ ನಮಗೆ ಅರ್ಧ ಅಂಕ ಹೋಗುತ್ತದೆ. ಅವರಿಗೆ ಹೋಗುವುದು ಜೀವ.

ಮೂಲೆಯ ಹಾಸಿಗೆಯವರು ತಲೆನೋವು ಬಂದ ದಿನ ಮಾತ್ರ ಬಿಪಿ ಮಾತ್ರೆ ನುಂಗುತ್ತಿದ್ದರಂತೆ. ಬಿಪಿ ಏರಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ, ಅದಕ್ಕೇ ದಿನವೂ ಬೇಕು ಎಂದು ಸಿಸ್ಟರ್ ಹೇಳುವಾಗ ಅವರ ಮುಖ ನೋಡಬೇಕಿತ್ತು. ಇನ್ನೊಬ್ಬ ಹೆಂಗಸು ಥೈರಾಯ್ಡ್ ಮಾತ್ರೆಯನ್ನು ಬೆಳಗಿನ ಕಾಫಿಯ ಜೊತೆ, ಕ್ಯಾಲ್ಸಿಯಂ ಮಾತ್ರೆಯ ಜೊತೆ ಒಟ್ಟಿಗೇ ತೆಗೆದುಕೊಳ್ಳುತ್ತಿದ್ದರು. ಥೈರಾಕ್ಸಿನ್ ಖಾಲಿ ಹೊಟ್ಟೆಗೆ, ಬರೀ ನೀರಿನ ಜೊತೆ, ತಿಂಡಿ–ಕಾಫಿಗೆ ಅರ್ಧದಿಂದ ಒಂದು ಗಂಟೆ ಮೊದಲು; ಕ್ಯಾಲ್ಸಿಯಂಗೂ ಅದಕ್ಕೂ ನಾಲ್ಕು ಗಂಟೆಯ ಅಂತರ ಬೇಕು. ಇಲ್ಲವಾದರೆ ಮಾತ್ರೆ ಮೈಗೆ ಹತ್ತುವುದಿಲ್ಲ.

ಒಬ್ಬ ತಾತ ಹೇಳಿದ ಮಾತಿಗೆ ಇಡೀ ವಾರ್ಡ್ ನಕ್ಕಿತು. ಚೀಟಿಯಲ್ಲಿ ‘ಬಿ.ಡಿ.’ ಎಂದು ಬರೆದಿತ್ತು, ಅಂದರೆ ದಿನಕ್ಕೆರಡು ಸಲ. ಮೊಮ್ಮಗ ಅದನ್ನು ಗಟ್ಟಿಯಾಗಿ ಓದಿದ್ದಾನೆ. ‘ಡಾಕ್ಟ್ರು ಬಿಡಿ ಅಂದವ್ರೆ’ ಎಂದು ತಾತ ಮಾತ್ರೆಯನ್ನೇ ಬಿಟ್ಟಿದ್ದರು. ನಕ್ಕು ಸುಮ್ಮನಾದ ಮೇಲೆ ಯೋಚಿಸಿದರೆ ಇದು ನಗುವ ವಿಷಯವಲ್ಲ. ಪಟ್ಟಿಯ ಮೇಲಿನ ಅಕ್ಷರ, ಚೀಟಿಯ ಮೇಲಿನ ಸಂಕೇತ ಎರಡೂ ನುಂಗುವವರಿಗೆ ಗೊತ್ತಿಲ್ಲದ ಭಾಷೆಯಲ್ಲಿದ್ದರೆ ನಡುವೆ ನಿಂತು ಹೇಳುವವರು ಒಬ್ಬರು ಬೇಕೇ ಬೇಕು.

ಇದು ನಮ್ಮೂರಿನ ಕಥೆ ಮಾತ್ರವಲ್ಲ. ಮುಂದುವರಿದ ದೇಶಗಳಲ್ಲೂ ದೀರ್ಘಕಾಲದ ಕಾಯಿಲೆ ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಾತ್ರ ಹೇಳಿದ ರೀತಿಯಲ್ಲಿ ಔಷಧಿ ತೆಗೆದುಕೊಳ್ಳುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿತ್ತು. ಔಷಧಿಯಿಂದಾಗುವ, ತಪ್ಪಿಸಬಹುದಾದ ಹಾನಿಯನ್ನು ತಗ್ಗಿಸಬೇಕೆಂದು ಅದೇ ಸಂಸ್ಥೆ 2017ರಲ್ಲಿ ಜಾಗತಿಕ ಅಭಿಯಾನವನ್ನೇ ಶುರು ಮಾಡಿತು.

ಕೆಲಸ ನಡೆದೇ ಇಲ್ಲ ಎಂದೇನಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಾಲ್ವರು ವಿದ್ಯಾರ್ಥಿಗಳು ತರಗತಿಯ ಪ್ರಾಜೆಕ್ಟ್ ಒಂದಕ್ಕಾಗಿ ಬೆಂಗಳೂರಿನ ಆಸ್ಪತ್ರೆಗೆ ಬಂದಿದ್ದರು. ರೋಗಿಯ ಮನೆಯವರು ಕಾರಿಡಾರ್‌ನಲ್ಲಿ ದಿನಗಟ್ಟಲೆ ಸುಮ್ಮನೆ ಕೂತಿರುವುದನ್ನು ಕಂಡು, ಅವರಿಗೇ ಆರೈಕೆ ಕಲಿಸಿದರೆ ಹೇಗೆ ಎಂದು ಯೋಚಿಸಿದರು. ಅದೇ ನೂರಾ ಹೆಲ್ತ್ ಎಂಬ ಸಂಸ್ಥೆಯಾಗಿ, ಕರ್ನಾಟಕವೂ ಸೇರಿ ಹಲವು ರಾಜ್ಯಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್‌ಗಳೇ ರೋಗಿಯ ಮನೆಯವರಿಗೆ ಪಾಠ ಹೇಳುವ ಕಾರ್ಯಕ್ರಮವಾಗಿ ಬೆಳೆಯಿತು. ಅವರೂ ವಿದ್ಯಾರ್ಥಿಗಳೇ, ಅದೂ ಪ್ರಾಜೆಕ್ಟೇ. ಅವರು ಮೊದಲು ಹೋಗಿ ನೋಡಿದರು, ಆಮೇಲೆ ಮಾಡಿದರು. ನಾನು ಮೊದಲು ಮಾಡಿದೆ.

ನಮ್ಮ ಹಾಸ್ಟೆಲ್ ಡ್ರಾಯರ್

‘ಅಜ್ಜಿ–ತಾತಂದಿರ ವಿಷಯ, ನಮಗೇನು?’ ಎನ್ನಬೇಡಿ. ಹಾಸ್ಟೆಲ್‌ಗೆ ಮರಳಿದ ಮೇಲೆ ನಮ್ಮ ರೂಮಿನ ಡ್ರಾಯರ್ ಸುರಿದು ನೋಡಿದೆ. ಜ್ವರದ ಮಾತ್ರೆಯಲ್ಲಿ ಪ್ಯಾರಸಿಟಮಾಲ್, ಶೀತದ ಮಾತ್ರೆಯಲ್ಲೂ ಪ್ಯಾರಸಿಟಮಾಲ್, ಮೈಕೈ ನೋವಿನದರಲ್ಲೂ ಅದೇ. ಇಂಟರ್ನಲ್ಸ್ ಹಿಂದಿನ ದಿನ ಜ್ವರ ಬಂದರೆ ಮೂರನ್ನೂ ಒಟ್ಟಿಗೆ ನುಂಗುವ ಶೂರರು ನಮ್ಮಲ್ಲಿದ್ದಾರೆ. ಆರೋಗ್ಯವಂತ ವಯಸ್ಕರಿಗೂ ದಿನಕ್ಕೆ 4 ಗ್ರಾಂ ಮೀರಬಾರದು. ಮೀರಿದರೆ ಯಕೃತ್ತಿಗೆ ಪೆಟ್ಟು. ಅಜ್ಜಿಗೆ ಆದದ್ದೂ ಇದೇ ಅಲ್ಲವೇ, ಬೇರೆ ಬೇರೆ ಹೆಸರು, ಒಂದೇ ಔಷಧಿ. ಪಕ್ಕದ ರೂಮಿನಲ್ಲಿ ಯಾರದೋ ಚೀಟಿಗೆ ಕೊಟ್ಟಿದ್ದ, ಅರ್ಧ ಮುಗಿದ ಆಂಟಿಬಯಾಟಿಕ್ ಪಟ್ಟಿಯನ್ನು ಹಂಚಿಕೊಂಡು ತಿನ್ನುತ್ತಿದ್ದರು. ಪಟ್ಟಿಯ ಮೇಲಿನ ಕೆಂಪು ಗೆರೆಯ ಅರ್ಥ ಡಾಕ್ಟರ ಚೀಟಿ ಇಲ್ಲದೆ ತೆಗೆದುಕೊಳ್ಳಬೇಡಿ ಎಂದು. ನಾಲ್ಕು ಜನಕ್ಕೆ ಕೇಳಿದೆ, ಒಬ್ಬನಿಗೂ ಗೊತ್ತಿರಲಿಲ್ಲ.

ಆದ್ದರಿಂದ ಮನೆಯಲ್ಲಿ ‘ಓದಿದವರು’ ಎಂಬ ಹಣೆಪಟ್ಟಿ ಇರುವ ಎಲ್ಲರಿಗೂ ನನ್ನ ಮನವಿ. ಆಸ್ಪತ್ರೆಯಿಂದ ಹೊರಡುವ ಮೊದಲು ಇಷ್ಟನ್ನು ಕೇಳಿ:

– ಈ ಮಾತ್ರೆಯೊಳಗಿನ ಔಷಧಿಯ ಹೆಸರೇನು? ಮನೆಯಲ್ಲಿರುವ ಯಾವುದರಲ್ಲಾದರೂ ಅದೇ ಇದೆಯೇ?
– ಯಾವುದಕ್ಕೆ ಕೊಟ್ಟಿದ್ದಾರೆ? ಎಷ್ಟು ದಿನ?
– ಊಟಕ್ಕೆ ಮೊದಲೋ, ಜೊತೆಗೋ, ನಂತರವೋ? ಊಟ ಮಾಡದ ದಿನ ಏನು ಮಾಡಬೇಕು?
– ಒಂದು ಹೊತ್ತು ಮರೆತರೆ ಏನು ಮಾಡಬೇಕು?
– ಏನಾದರೆ ಹೆದರಬೇಕಿಲ್ಲ, ಏನಾದರೆ ಕೂಡಲೇ ಬರಬೇಕು?
– ಹಳೆಯ ಮಾತ್ರೆಗಳಲ್ಲಿ ಯಾವುದನ್ನು ನಿಲ್ಲಿಸಬೇಕು?

ಉತ್ತರ ಸಿಕ್ಕ ಮೇಲೆ, ‘ನಾನು ಒಂದು ಸಲ ತಿರುಗಿ ಹೇಳ್ತೀನಿ, ಸರಿಯಾ ನೋಡಿ’ ಎನ್ನಿ. ಸಿಸ್ಟರ್ ಕೇಳದಿದ್ದರೆ ನೀವೇ ಹೇಳಿ.

ಮನೆಯಲ್ಲಿ ಮಧುಮೇಹದವರಿದ್ದರೆ ಇದೂ ಗೊತ್ತಿರಲಿ. ಬೆವರು, ನಡುಕ, ಎದೆಬಡಿತ, ತಡೆಯಲಾರದ ಹಸಿವು, ತೊದಲು ಮಾತು ಕಂಡರೆ ಸಕ್ಕರೆ ಕಡಿಮೆಯಾಗಿರಬಹುದು. ಎಚ್ಚರವಿದ್ದು ನುಂಗಬಲ್ಲವರಾದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಿನಲ್ಲಿ ಕದಡಿ ಕುಡಿಸಿ. 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಸುಧಾರಿಸಿದ ಮೇಲೆ ಊಟ ಕೊಟ್ಟು ಡಾಕ್ಟರಿಗೆ ತಿಳಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, 108ಕ್ಕೆ ಕರೆ ಮಾಡಿ. ಮಾತ್ರೆಯಿಂದ ತೊಂದರೆಯಾದರೆ ವರದಿ ಮಾಡಲು ಸರ್ಕಾರದ ಔಷಧ ಸುರಕ್ಷತಾ ಸಹಾಯವಾಣಿಯೂ ಇದೆ: 1800-180-3024. ರೋಗಿಯ ಕಡೆಯವರೂ ಕರೆ ಮಾಡಬಹುದು.

ನರ್ಸಿಂಗ್ ಓದುತ್ತಿರುವ, ಕೆಲಸಕ್ಕೆ ಪ್ರಯತ್ನಿಸುತ್ತಿರುವ ಗೆಳತಿಯರಿಗೆ, ಗೆಳೆಯರಿಗೆ ಒಂದು ಮಾತು. ಫಾರ್ಮಕಾಲಜಿಯ ಪ್ರತಿ ಉತ್ತರದ ಕೊನೆಯಲ್ಲಿ ನೀವು ಅಂಕಕ್ಕಾಗಿ ಬರೆಯುವ ‘ರೋಗಿಗೆ ತಿಳಿವಳಿಕೆ ನೀಡುವುದು’ ಎಂಬ ಆ ಒಂದು ಸಾಲು ನಮ್ಮಜ್ಜಿಯನ್ನು ಉಳಿಸಿದೆ. ಅದನ್ನು ಕೊನೆಯ ಸಾಲು ಎಂದುಕೊಳ್ಳಬೇಡಿ.

ಪೆಟ್ಟಿಗೆ ಏನಾಯಿತು ಎಂದು ಕೇಳುತ್ತೀರಾ? ಬಜರ್ ತೆಗೆದುಹಾಕಿದೆ. ಗೂಡುಗಳಷ್ಟೇ ಉಳಿದಿವೆ. ಈಗ ಅದನ್ನು ಅಜ್ಜಿಯೇ ತುಂಬುತ್ತಾಳೆ, ಸೂರ್ಯ–ಚಂದ್ರರ ಹಾಳೆ ನೋಡಿಕೊಂಡು. ನಾನು ಪಕ್ಕದಲ್ಲಿ ಕೂತು ಪರಿಶೀಲಿಸುತ್ತೇನೆ. ಫೋನ್ ಮಾಡಿದಾಗ ‘ಮಾತ್ರೆ ತಗೊಂಡ್ಯಾ?’ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ‘ತಿಂಡಿ ಏನು ತಿಂದೆ? ಆಮೇಲೆ ಏನು ನುಂಗಿದೆ? ಅದು ಯಾತಕ್ಕೆ?’ ಎಂದು ಕೇಳುತ್ತೇನೆ.

ಹೋದ ಭಾನುವಾರ ಊರಿಗೆ ಹೋದಾಗ ಪಕ್ಕದ ಮನೆಯವರು ಜಗಲಿಯ ಮೇಲೆ ಮಾತ್ರೆಯ ಕವರ್ ಹಿಡಿದು ಕೂತಿದ್ದರು. ಆಸ್ಪತ್ರೆಯಿಂದ ಅದೇ ತಾನೇ ಬಂದಿದ್ದರಂತೆ. ಎದುರಿಗೆ ನಮ್ಮಜ್ಜಿ. ಎಲ್ಲಾ ಕೇಳಿಸಿಕೊಂಡು, ಕನ್ನಡಕ ಸರಿಮಾಡಿಕೊಂಡು ಹೇಳುತ್ತಿದ್ದಳು: ‘ಅರ್ಥ ಆಯ್ತು ಅನ್ಬೇಡ. ಎಲ್ಲಿ, ನಾಳೆ ಬೆಳಿಗ್ಗೆ ಏನು ಮಾಡ್ತೀಯ, ನನಗೆ ಹೇಳು ನೋಡನ.’